ಎಡಗಡೆಯ ಬಣ್ಣ

ಕೆಲಸದ ಕೊನೆಯ ವರ್ಷಗಳಲ್ಲಿ ಅವರು ಎಲ್ಲಿಗೆ ಹೋದರೂ ಬೆಂಚಿನ ಎಡತುದಿ ಹುಡುಕಿ ಕೂರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಆಸ್ಪತ್ರೆಯ ಮೀಟಿಂಗಿನಲ್ಲಾಗಲಿ, ಉಳಿದವರೆಲ್ಲ ತಮ್ಮ ಬಲಕ್ಕೆ ಬರಬೇಕು. ಮಧ್ಯದಲ್ಲಿ ಕೂರಿಸಿದರೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ನೀರು ಕುಡಿಯುವ ನೆಪದಲ್ಲಿ ಎದ್ದುಹೋಗಿ ತುದಿಗೆ ಬಂದು ಸೇರುತ್ತಿದ್ದರು. ಇದನ್ನು ಕೆಲವರು ವಿನಯ ಅಂದುಕೊಂಡರು, ಕೆಲವರು ಗರ್ವ ಅಂದುಕೊಂಡರು. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಅದರ ಪಕ್ಕದ ಗೋಡೆಯನ್ನೋ ಗಾಳಿಯನ್ನೋ ನೋಡುತ್ತಿದ್ದುದರಿಂದ, ಏನೋ ಮುಚ್ಚಿಡುವ ಮನುಷ್ಯ ಎಂದವರೂ ಇದ್ದರು. ನಿಜವಾದ ಕಾರಣ ಗೊತ್ತಿದ್ದವರು ಮೂರೋ ನಾಲ್ಕೋ ಜನ. ಅವರಲ್ಲಿ ನಾನೊಬ್ಬಳು.

ನಾನು ನರ್ಸ್ ಆಗಿದ್ದವಳು. ಮೊಳಕಾಲ್ಮುರು ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ಕಾಲ ಕೆಲಸ ಮಾಡಿದೆ. ಆಸ್ಪತ್ರೆಯ ಹೆಸರು ಬೇಡ. ಅವರು ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವರ ಹೆಸರೂ ಬೇಡ. ಹಾಗೆ ನೋಡಿದರೆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ‘ಲ್ಯಾಬ್ ಸಾಬ್ರು’. ಮನೆ ಚಳ್ಳಕೆರೆಯಲ್ಲಿ. ತಂದೆ, ಅಣ್ಣಂದಿರು ಎಲ್ಲ ಲಾರಿ ಮೆಕ್ಯಾನಿಕ್ಕುಗಳು. ಇವರೊಬ್ಬರು ಮಾತ್ರ ಗ್ರೀಸ್ ಬಿಟ್ಟು ಗಾಜಿನ ಕಡೆ ಬಂದಿದ್ದರು. ಬೆಳಗಿನ ಬಸ್ಸಿಗೆ ಅವರು ಚಳ್ಳಕೆರೆಯಲ್ಲಿ ಹತ್ತುತ್ತಿದ್ದರು, ನಾನು ತಳಕಿನಲ್ಲಿ ಹತ್ತುತ್ತಿದ್ದೆ. ಅಷ್ಟರಲ್ಲಿ ಬಸ್ಸು ಕಡಲೆಕಾಯಿ ಚೀಲದ ಹಾಗೆ ತುಂಬಿರುತ್ತಿತ್ತು. ಪಕ್ಕದ ಸೀಟಿನ ಮೇಲೆ ಅವರ ಊಟದ ಚೀಲ ಕೂತಿರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಮಾತು ಅಷ್ಟಕ್ಕಷ್ಟೇ. ದಣಿದವರು ಇನ್ನೊಬ್ಬ ದಣಿದವರನ್ನು ಮಾತಾಡಿಸುವುದು ಹಾಗೇ.

ನಮ್ಮ ಕಡೆ ಆಗ ಟಿಬಿ ಜಾಸ್ತಿ. ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಹೋಗುವವರು, ಗಾಳಿಯಾಡದ ಕೋಣೆಯಲ್ಲಿ ಮಗ್ಗದ ಮುಂದೆ ಕೂರುವವರು, ಹಟ್ಟಿಗಳಿಂದ ಕೂಲಿಗೆ ಬರುವವರು, ಎಲ್ಲ ಕೆಮ್ಮುತ್ತಲೇ ಬರುತ್ತಿದ್ದರು. ಅವರಿಗೆಲ್ಲ ಕಫ ಪರೀಕ್ಷೆ. ಉಗುಳಲ್ಲ, ಒಳಗಿನ ಕಫ ಬೇಕು ಎಂದು ತಿಳಿಸುವುದಕ್ಕೆ ಸಾಬ್ರು ತಾವೇ ಹೊಟ್ಟೆಯಿಂದ ಕೆಮ್ಮಿ ತೋರಿಸುತ್ತಿದ್ದರು. ಹೆಂಗಸರು ನಾಚಿಕೊಂಡರೆ ಬೆನ್ನು ತಿರುಗಿಸಿ ನಿಂತು, ಆ ಕಡೆಯಿಂದಲೇ ಮತ್ತೊಮ್ಮೆ ಕೆಮ್ಮುತ್ತಿದ್ದರು. ಆ ಕಫವನ್ನು ಗಾಜಿನ ಪಟ್ಟಿಯ ಮೇಲೆ ಬಳಿದು, ಕೆಂಪು ಬಣ್ಣ ಸುರಿದು, ಸ್ಪಿರಿಟ್ ದೀಪದಲ್ಲಿ ಬಿಸಿ ತೋರಿಸಿ, ಆಸಿಡ್ಡಿನಿಂದ ತೊಳೆದು, ಮೇಲೆ ನೀಲಿ ಹಾಕುತ್ತಾರೆ. ತೊಳೆದಾಗ ಬೇರೆಲ್ಲವೂ ಕೆಂಪು ಬಿಟ್ಟುಕೊಡುತ್ತದೆ. ಟಿಬಿಯ ಕ್ರಿಮಿ ಮಾತ್ರ ಬಿಡುವುದಿಲ್ಲ. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿ. ಅದನ್ನು ಹುಡುಕುವುದೇ ಅವರ ಕೆಲಸ. ಅವರ ಉಗುರುಗಳ ಸಂದಿಯಲ್ಲಿ ಆ ಕೆಂಪು ಯಾವಾಗಲೂ ಇರುತ್ತಿತ್ತು. ಮುದುಕಿಯರು ‘ಗೋರಂಟಿ ಹಾಕ್ಕಂಡೀಯೇನಪ್ಪ’ ಎಂದು ಕೇಳುತ್ತಿದ್ದರು. ಅವರು ಹೌದೆನ್ನುತ್ತಿದ್ದರು.

ಕ್ರಿಮಿ ಕಂಡರೆ ಅವರು ರೋಗಿಗೆ ‘ಪಾಸಿಟಿವ್’ ಅನ್ನುತ್ತಿರಲಿಲ್ಲ. ‘ಸಿಕ್ಕೈತೆ ಬಿಡ್ರಿ. ಸಿಕ್ತಲ್ಲ, ಇನ್ನೇನು. ಸಿಗದೇ ಹೋದ್ರೆ ಕಷ್ಟ’ ಅನ್ನುತ್ತಿದ್ದರು. ಕಳೆದುಹೋದ ಕುರಿ ಸಿಕ್ಕಿತೇನೋ ಎಂಬ ಹಾಗೆ ಆ ಜನ ತಲೆಯಾಡಿಸಿ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆ. ತಳಕಿನಲ್ಲಿ ನಾನು ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಮೇಲೆ ಚೀಲ ಇತ್ತು, ಆದರೆ ಅವರು ಅದನ್ನು ಎತ್ತಲಿಲ್ಲ. ತಲೆಯನ್ನು ಮುಂದಿನ ಕಂಬಿಗೆ ಒತ್ತಿಕೊಂಡು ಕೂತಿದ್ದರು. ಹಿಂದಲೆ ಒಡೆದುಹೋಗುವ ಹಾಗೆ ನೋವು ಅಂದರು, ಅಲ್ಲೇ ವಾಂತಿ ಮಾಡಿದರು. ಬಸ್ಸು ನಿಲ್ಲಿಸಿ ಎದುರು ಬಂದ ಜೀಪಿನಲ್ಲಿ ಚಳ್ಳಕೆರೆಗೆ ವಾಪಸು ಕರೆದುಕೊಂಡು ಹೋದೆವು. ಅಲ್ಲಿಂದ ಅಣ್ಣಂದಿರು ದಾವಣಗೆರೆಗೆ ಸಾಗಿಸಿದರು. ಅಲ್ಲಿ ಸ್ಟ್ರೋಕ್ ಅಂದರು. ಬಿಪಿ, ಸಕ್ಕರೆ ಎರಡೂ ಮೊದಲಿನಿಂದ ಇದ್ದವು. ಊರವರ ಸಕ್ಕರೆ ನೋಡಿ ನೋಡಿ ತಮ್ಮದನ್ನು ನೋಡಿಕೊಳ್ಳುವುದು ಬಿಟ್ಟಿದ್ದರು.

ರಜೆ ಮುಗಿಸಿ ವಾಪಸು ಬಂದಾಗ ನಮಗೆಲ್ಲ ಸಮಾಧಾನವಾಯಿತು. ಕೈಕಾಲು ಬಿದ್ದಿರಲಿಲ್ಲ, ಬಾಯಿ ಸೊಟ್ಟಗಾಗಿರಲಿಲ್ಲ. ಪೇಪರು ಓದುತ್ತಿದ್ದರು. ಆದರೆ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಡುತ್ತಿದ್ದರು. ಡಬ್ಬಿಯ ಮುಚ್ಚಳದಲ್ಲಿ ಅನ್ನ, ಹುಳಿಹುಳಿ ಕಟ್ಟಾ ಸಾರು ಹಾಕಿಕೊಂಡು ಸ್ವಲ್ಪ ತಿಂದು, ಮುಚ್ಚಳವನ್ನು ಸುತ್ತ ತಿರುಗಿಸಿ, ಮತ್ತೆ ಸ್ವಲ್ಪ ತಿಂದು ಇಟ್ಟುಬಿಡುತ್ತಿದ್ದರು. ಹೆಂಡತಿಯ ಕೈರುಚಿಯ ಬಗ್ಗೆ ಸದಾ ಜಂಬ ಪಡುತ್ತಿದ್ದ ಮನುಷ್ಯ. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ.

ಒಂದು ಮಧ್ಯಾಹ್ನ ಓಪಿಯ ಹೊರರೋಗಿಗಳೆಲ್ಲ ಹೋದ ಮೇಲೆ ಲ್ಯಾಬಿನ ಬಾಗಿಲಿಗೆ ಬಂದು ನನ್ನನ್ನು ಕರೆದರು. ಮೇಜಿನ ಮೇಲೆ ಟ್ಯೂಬುಗಳ ಸ್ಟ್ಯಾಂಡ್ ಇತ್ತು. ಮೂತ್ರದಲ್ಲಿ ಸಕ್ಕರೆ ನೋಡುವ ಟ್ಯೂಬುಗಳು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಜಾಸ್ತಿಯಾದರೆ ಇಟ್ಟಿಗೆ ಕೆಂಪು.

‘ಸಿಸ್ಟರ್, ಇವು ಯಾವ್ಯಾವ ಬಣ್ಣ ಅದಾವೆ, ಒಂದೊಂದಾಗಿ ಹೇಳ್ರಿ.’

ಹೇಳಿದೆ. ಎಡದಿಂದ ಇಟ್ಟಿಗೆ ಕೆಂಪು, ಹಸಿರು, ಆಮೇಲೆ ಹಳದಿ, ನೀಲಿ.

‘ನನಗೆ ಬಲಗಡೆ ಎರಡು ನೀವು ಹೇಳಿದಂಗೇ ಕಾಣ್ತಾವೆ. ಎಡಗಡೆ ಎರಡು ಬೂದಿ. ಒಲೆ ಬೂದಿ ಇರ್ತೈತಲ್ಲ, ಹಂಗೆ. ಗಾಜು ಕಾಣ್ತೈತೆ, ನೀರು ಕಾಣ್ತೈತೆ. ಬಣ್ಣ ಇಲ್ಲ. ಊಟಕ್ಕೆ ಕೂತ್ರೂ ಹಂಗೇ, ಅರ್ಧ ಮುಚ್ಚಳ ಬೂದಿ.’ ಅಂದವರು ಮುಖವನ್ನು ಇನ್ನೂ ಎಡಕ್ಕೆ ತಿರುಗಿಸಿದರು. ‘ಈಗ ಬಂತು. ಕೆಂಪು ಬಂತು. ಈಗ ಈ ಕಡೆ ಬಾಗಿಲು ಬೂದಿ ಆತು.’

ಎಡಗಣ್ಣು ಹೋಗಿರಬೇಕು ಅಂದೆ. ಅವರೂ ಹಾಗೇ ಅಂದುಕೊಂಡಿದ್ದರಂತೆ. ಎಡಗಣ್ಣು ಮುಚ್ಚಿ ನೋಡಿದ್ದರು: ಬಲಗಣ್ಣಿಗೂ ಎಡಗಡೆ ಬೂದಿಯೇ. ಬಲಗಣ್ಣು ಮುಚ್ಚಿದರು: ಎಡಗಣ್ಣಿಗೂ ಬಲಗಡೆ ಬಣ್ಣ, ಎಡಗಡೆ ಬೂದಿ. ಚಳ್ಳಕೆರೆಯ ಕಣ್ಣಿನ ಡಾಕ್ಟರ ಬಳಿಗೆ ಹೋದರೆ, ಕಣ್ಣು ಎರಡೂ ಚೆನ್ನಾಗಿವೆ ಅಂದಿದ್ದರು. ಅಕ್ಷರದ ಬೋರ್ಡನ್ನು ಇವರು ಕೊನೆಯ ಸಾಲಿನವರೆಗೂ ಓದಿದ್ದರು. ‘ಎಡಗಣ್ಣಿನದಲ್ಲ ಸಿಸ್ಟರ್, ಎಡಗಡೆದು’ ಅಂದರು. ಮನೆಯಲ್ಲಿ ಹೇಳಿದರೆ ಅವರ ತಾಯಿ ತಾಯತ ಕಟ್ಟಿಸಿದ್ದರು. ಅದನ್ನೂ ತೋಳಿನಲ್ಲಿ ತೋರಿಸಿದರು.

ದಾವಣಗೆರೆಯಲ್ಲಿ ಸ್ಕ್ಯಾನ್ ನೋಡಿದ ನರರೋಗದ ಡಾಕ್ಟರು ಮುಂದಿನ ಸಲ ಅವರನ್ನು ಕೂರಿಸಿಕೊಂಡು ವಿವರಿಸಿದರು. ಅದನ್ನು ಸಾಬ್ರು ಬಸ್ಸಿನಲ್ಲಿ ನನಗೆ ಹೇಳಿದರು. ಹೇಳುವುದಕ್ಕೆ ಹಲವು ದಿನ ಹಿಡಿಯಿತು, ದಿನಕ್ಕಿಷ್ಟು. ಕಣ್ಣು ಬೆಳಕನ್ನು ಹಿಡಿದು, ಅದರಲ್ಲಿ ಯಾವುದು ಎಷ್ಟಿದೆ ಅನ್ನುವ ಲೆಕ್ಕ ಮಾತ್ರ ಹಿಂದಕ್ಕೆ ಕಳಿಸುತ್ತದಂತೆ. ನೋಡುವ ಮಿದುಳು ಇರುವುದು ತಲೆಯ ಹಿಂಭಾಗದಲ್ಲಿ. ಎರಡು ಕಣ್ಣಿನಿಂದಲೂ ಎಡಗಡೆಯ ನೋಟ ಬಲಮಿದುಳಿಗೆ ಹೋಗುತ್ತದೆ, ಬಲಗಡೆಯ ನೋಟ ಎಡಮಿದುಳಿಗೆ. ಅಲ್ಲಿ ಗೆರೆ, ಆಕಾರ, ಓಡಾಟ ಇವನ್ನು ನೋಡಿಕೊಳ್ಳುವ ಜಾಗಗಳು ಬೇರೆ ಬೇರೆ. ಬಣ್ಣಕ್ಕೂ ಒಂದು ಜಾಗ, ಎರಡೂ ಕಡೆಗೆ ಒಂದೊಂದು. ಒಂದು ವಸ್ತುವಿನಿಂದ ಬಂದ ಬೆಳಕನ್ನು ಅದರ ಅಕ್ಕಪಕ್ಕದ ಬೆಳಕಿನ ಜೊತೆ ಹೋಲಿಸಿ, ಇದು ಕೆಂಪು ಎಂದು ಕಾಣಿಸುವುದರಲ್ಲಿ ಆ ಜಾಗದ ಕೆಲಸ ದೊಡ್ಡದು.

‘ಟೊಮ್ಯಾಟೊ ಬಿಸಿಲಾಗೂ ಕೆಂಪು, ಮನೆ ಬಲ್ಬಿನಾಗೂ ಕೆಂಪು ಕಾಣ್ತೈತಲ್ರೀ? ಬೆಳಕು ಎರಡೂ ಬೇರೆ. ಆದ್ರೂ ನಮಗೆ ಗೊತ್ತೇ ಆಗಲ್ಲ. ಯಾಕಂದ್ರೆ ಒಳಗೆ ಕೂತು ಸರಿ ಮಾಡ್ತಿರ್ತೈತೆ. ನನಗೆ ಬಲಗಡೆ ಜಾಗಕ್ಕೆ ರಕ್ತ ಹೋಗದೆ ಅದು ಸತ್ತೈತೆ.’

ಮತ್ತೆ ಬರುವುದಿಲ್ಲವೇ ಅಂದೆ. ಸ್ವಲ್ಪ ಬಂದರೂ ಬರಬಹುದು, ಬರದೆಯೂ ಇರಬಹುದು ಅಂದಿದ್ದರಂತೆ ಡಾಕ್ಟರು. ಬರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಕಾಣುವುದು ಬೆಳಕಿನ ಒಂದು ದುಂಡು. ಅವರಿಗೆ ಆ ದುಂಡಿನ ನಡುವೆ ಯಾರೋ ಗೆರೆ ಎಳೆದ ಹಾಗೆ. ಬಲಕ್ಕೆ ನೀಲಿ, ಅದರಲ್ಲಿ ಕೆಂಪು ಕಡ್ಡಿ; ಎಡಕ್ಕೆ ಬೂದಿಯಲ್ಲಿ ಬೂದಿ. ಆ ಕಡೆ ಕ್ರಿಮಿಯೂ ಒಂದೇ, ಕಸವೂ ಒಂದೇ. ನೋಟ ಎಲ್ಲಿಟ್ಟರೆ ಗೆರೆಯೂ ಅಲ್ಲೇ ಬಂದು ನಿಲ್ಲುತ್ತಿತ್ತು. ಹಾಗಾಗಿ ಯಾವುದನ್ನು ನೋಡಬೇಕೋ ಅದರ ಎಡಕ್ಕೆ ದೃಷ್ಟಿಯಿಟ್ಟು, ಅದನ್ನು ಬಲಕ್ಕೆ ಬೀಳಿಸಿಕೊಂಡು ನೋಡಬೇಕು. ಮನುಷ್ಯರನ್ನೂ ಅವರು ಹಾಗೇ ನೋಡುವುದು ಕಲಿತರು. ರಕ್ತ ಕಡಿಮೆಯಾಗಿ ಬಿಳಿಚಿದ ಮುಖವೋ ಅಲ್ಲವೋ ತಿಳಿಯಬೇಕಾದರೆ ಆ ಮುಖದ ಪಕ್ಕ ನೋಡಬೇಕಾಗಿತ್ತು.

ನಮ್ಮ ಡಾಕ್ಟರಿಗೆ ಅವರೇ ಹೋಗಿ ಹೇಳಿದರು. ಚಿಕ್ಕ ವಯಸ್ಸಿನ ಡಾಕ್ಟರು, ಬಂದ ವರ್ಷದಲ್ಲೇ ಕಣ್ಣ ಕೆಳಗೆ ಕಪ್ಪು ಬರಿಸಿಕೊಂಡವರು. ಅವರು, ನೀವು ಹೋದರೆ ಇಲ್ಲಿ ಸ್ಲೈಡ್ ನೋಡುವವರೇ ಇಲ್ಲವಲ್ಲ ಅಂದರು. ಅದು ನಿಜ. ಬೇರೆಯವರನ್ನು ಕೊಡಿ ಎಂದು ಮೇಲಕ್ಕೆ ಬರೆದರೆ ಖಾಲಿ ಜಾಗ ಖಾಲಿಯೇ ಉಳಿಯುತ್ತಿತ್ತು. ಚಳ್ಳಕೆರೆಗೆ ಹೋಗಿ ಅಂದರೆ ಕೂಲಿ ಬಿಟ್ಟು ಎಷ್ಟು ಜನ ಹೋಗುತ್ತಾರೆ? ನಿಧಾನವಾಗಿ ನೋಡಿ, ಪ್ರತಿಯೊಂದನ್ನೂ ಎರಡೆರಡು ಸಲ ನೋಡಿ ಎಂದು ಡಾಕ್ಟರು ಕೇಳಿಕೊಂಡರು. ಸಾಬ್ರು ಒಪ್ಪಿದರು.

ಹಾಗೆ ತಿಂಗಳುಗಟ್ಟಲೆ ನಡೆಯಿತು. ಒಂದು ಸ್ಲೈಡಿಗೆ ಮೊದಲು ಹಿಡಿಯುತ್ತಿದ್ದ ಹೊತ್ತಿನ ಎರಡರಷ್ಟು, ಮೂರರಷ್ಟು ಹಿಡಿಯುತ್ತಿತ್ತು. ಕತ್ತು ನೋವು, ತಲೆ ನೋವು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೆ ಚಳ್ಳಕೆರೆಯವರೆಗೂ ತೆರೆಯುತ್ತಿರಲಿಲ್ಲವೆಂದು ಕಂಡಕ್ಟರು ಹೇಳುತ್ತಿದ್ದ. ‘ಬರೀ ಬೂದಿ ಇದ್ರೆ ಒಂದು ಥರ. ಬರೀ ಬಣ್ಣ ಇದ್ರೆ ಇನ್ನೊಂದು ಥರ. ಈ ಎರಡರ ನಡುವೆ ದಿನಾ ಕತ್ತು ತಿರುಗಿಸೋದೈತಲ್ಲ, ಅದು ಸಾಕಾಗೈತೆ’ ಎಂದು ಒಂದು ಸಲ ನನ್ನ ಹತ್ತಿರ ಹೇಳಿದರು. ದೂರುವ ದನಿಯಲ್ಲಲ್ಲ, ಬಸ್ಸು ತಡ ಅನ್ನುವ ದನಿಯಲ್ಲಿ.

ಸ್ಲೈಡುಗಳನ್ನು ಆಗಾಗ ಮೇಲಿನವರು ಬಂದು ಮತ್ತೆ ನೋಡುವ ಪದ್ಧತಿ ಇತ್ತು. ಹಾಗೆ ಬಂದ ಸೂಪರ್‌ವೈಸರು ಒಂದು ಸ್ಲೈಡನ್ನು ಬೇರೆ ತೆಗೆದಿಟ್ಟರು. ಸಾಬ್ರು ಕ್ರಿಮಿ ಇಲ್ಲ ಎಂದು ಬರೆದಿದ್ದ ಕಡೆ ಕೆಲವೇ ಕೆಲವು ಕೆಂಪು ಕಡ್ಡಿಗಳಿದ್ದವು. ಇಷ್ಟು ಕಡಿಮೆ ಇದ್ದರೆ ಯಾರಿಗಾದರೂ ತಪ್ಪುತ್ತದೆ, ನನಗೂ ತಪ್ಪಿದೆ ಎಂದು ಸೂಪರ್‌ವೈಸರೇ ಅಂದರು. ಒಳ್ಳೆಯ ಮನುಷ್ಯ. ಸಾಬ್ರು ಮತ್ತೆ ಕಣ್ಣಿಟ್ಟು ನೋಡಿದರು. ಸ್ಲೈಡನ್ನು ಸ್ವಲ್ಪ ಸರಿಸಿ ನೋಡಿದರು. ಎದ್ದು ಬಂದು, ಈ ಕಫ ಕೊಟ್ಟ ಹೆಣ್ಣುಮಗಳು ಯಾರು ಎಂದು ನನ್ನನ್ನು ಕೇಳಿದರು.

ನನಗೆ ನೆನಪಿತ್ತು. ನೇಕಾರರ ಮನೆಯ ಸೊಸೆ, ರೇಷ್ಮೆ ನೂಲು ಸುತ್ತುವ ಕೆಲಸದವಳು, ಕಂಕುಳಲ್ಲಿ ಕೂಸು. ಗಂಡನ ಮನೆಯಲ್ಲಿ ವಿಚಾರಿಸಿದರೆ, ಕೆಮ್ಮು ನಿಲ್ಲಲಿಲ್ಲವೆಂದು ತವರಿಗೆ ಹೋಗಿದ್ದಾಳೆ, ತವರು ರಾಯದುರ್ಗದ ಆಚೆ ಅಂದರು. ಯಾರನ್ನಾದರೂ ಕಳಿಸೋಣ ಅಂದರು ಡಾಕ್ಟರು. ಸಾಬ್ರು ಕೇಳಲಿಲ್ಲ. ಹೆಣ್ಣುಮಕ್ಕಳ ಮನೆ, ಜೊತೆಗೆ ಬನ್ನಿ ಎಂದು ನನ್ನನ್ನು ಕರೆದರು. ಮಾರನೆಯ ದಿನವೇ ಹೊರಟೆವು.

ರಾಯದುರ್ಗದಲ್ಲಿ ಬಸ್ಸಿಳಿದು, ಆಟೋದಲ್ಲಿ ಸ್ವಲ್ಪ ದೂರ, ಆಮೇಲೆ ನಡಿಗೆ. ಜಾಲಿ ಗಿಡದ ನೆರಳು ಬಿಟ್ಟರೆ ಬೇರೆ ನೆರಳಿಲ್ಲ. ಅವರು ನನ್ನನ್ನು ಬಲಕ್ಕೆ ಬಿಟ್ಟುಕೊಂಡು ನಡೆದರು. ದಾರಿಯಲ್ಲಿ ಒಂದೇ ಒಂದು ಮಾತಾಡಿದರು: ‘ಆ ಕಡ್ಡಿ ಎಡಕ್ಕಿತ್ತೋ, ಇಲ್ಲ ನಾನು ಸರಿಯಾಗಿ ನೋಡ್ಲಿಲ್ಲವೋ, ಅದು ನನಗೇ ಗೊತ್ತಿಲ್ಲ ಸಿಸ್ಟರ್. ಗೊತ್ತಾಗಿದ್ರೆ ತಿದ್ಕಳ್ಳಾಕೆ ಒಂದು ದಾರಿ ಇತ್ತು.’

ಮನೆ ಸಿಕ್ಕಿತು. ಹುಡುಗಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು, ಮೊದಲಿಗಿಂತ ಅರ್ಧವಾಗಿದ್ದಳು. ಯಾರೋ ಬರೆದುಕೊಟ್ಟ ಟಾನಿಕ್ಕಿನ ಸೀಸೆ ತಲೆದಿಂಬಿನ ಪಕ್ಕ ಇತ್ತು. ಕೂಸು ಅವಳ ಮಗ್ಗುಲಲ್ಲೇ ನಿದ್ದೆ ಮಾಡುತ್ತಿತ್ತು. ಅವಳ ತಾಯಿ ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ನಮ್ಮನ್ನು ತರಾಟೆಗೆ ತೆಗೆದುಕೊಂಡಳು. ಆಗ ಏನೂ ಇಲ್ಲ ಅಂದಿರಿ, ಈಗ ಇದೆ ಅನ್ನುತ್ತೀರಿ, ನಿಮ್ಮ ಯಾವ ಮಾತನ್ನು ನಂಬುವುದು ಅಂದಳು. ನಾನು ಆಸ್ಪತ್ರೆಯ ಪರವಾಗಿ ಏನೋ ಸಮಜಾಯಿಷಿ ಹೇಳಲು ಹೊರಟೆ. ಸಾಬ್ರು ತಡೆದರು.

‘ಚೂಸಿಂದಿ ನೇನೇ ಅಮ್ಮಾ. ನಾಕೇ ಕನಪಡ್ಲೇದು’ ಅಂದರು. ನೋಡಿದವನು ನಾನೇ, ನನಗೇ ಕಾಣಲಿಲ್ಲ ಎಂದು.

ಆ ಹೆಂಗಸು ಅವರನ್ನು ನೋಡಿದಳು. ಅವರು ಅವಳ ಮುಖದ ಪಕ್ಕದ ಬಾಗಿಲ ಚೌಕಟ್ಟು ನೋಡುತ್ತಿದ್ದರು. ಅವಳಿಗೆ ಏನನ್ನಿಸಿತೋ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೊಟ್ಟಳು. ಬಟ್ಟೆ ಗಂಟು ಕಟ್ಟಿಕೊಂಡು ಮಗಳ ಜೊತೆ ತಾನೂ ಹೊರಟಳು.

ಹುಡುಗಿಗೆ ಮಾತ್ರೆ ಶುರುವಾಯಿತು. ಕೂಸಿಗೂ ರೋಗ ಬಾರದಂತೆ ಮಾತ್ರೆ ಅರೆದು ಕೊಟ್ಟರು. ಇಬ್ಬರೂ ಉಳಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಬ್ಬರು ಉಳಿದರೂ ಸಾಬ್ರಿಗೆ ಅದರಿಂದ ಹಗುರವಾಗಲಿಲ್ಲ.

ರಾಯದುರ್ಗದಿಂದ ಬಂದ ವಾರವೇ ಅವರು ಡಾಕ್ಟರ ಎದುರು ನಿಂತರು. ನಾನೂ ಅಲ್ಲಿದ್ದೆ.

‘ಸಾರ್, ನನ್ನನ್ನ ಇದರಿಂದ ಇಳಿಸ್ರಿ.’

‘ಜನಕ್ಕೆ ತೊಂದರೆ ಆಗುತ್ತಲ್ಲ ಸಾಬ್ರೇ.’

‘ಆಗ್ತೈತೆ ಸಾರ್. ನಾನು ಕ್ರಿಮಿ ಇಲ್ಲ ಅಂತ ಬರೆದ್ರೆ ಅವ್ರು ಮನೆಗೆ ಹೋಗ್ತಾರೆ. ನಾನೇ ಇಲ್ಲ ಅಂದ್ರೆ ಬೇರೆ ಕಡೆಗಾದ್ರೂ ಹೋಗ್ತಾರೆ.’

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಗಲಿ ಅಂದರು.

ಅವರನ್ನು ಓಪಿ ಚೀಟಿ ಬರೆಯುವ ಕಿಟಕಿಗೆ ಕೂರಿಸಿದರು. ಲ್ಯಾಬಿಗೆ ಬೀಗ ಬಿತ್ತು. ಕಫ ಪರೀಕ್ಷೆಗೆ ಬಂದವರಿಗೆ ಚಳ್ಳಕೆರೆಯ ದಾರಿ ಹೇಳುವ ಕೆಲಸವೂ ಆ ಕಿಟಕಿಯದ್ದೇ. ಹೋಗ್ತೀಯಾ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು, ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಬಿಡಿಸಿ ಹೇಳುತ್ತಿದ್ದರು. ಹೂಂ ಅಂದವರೆಲ್ಲ ಹೋಗಲಿಲ್ಲ. ತಲೆಗೆ ಟವೆಲು ಸುತ್ತಿದ ಒಬ್ಬ ಕುರಿಗಾಹಿ ಹೂಂ ಅಂದು ಗೇಟಿನ ಹೊರಗೆ ಹೋಗಿ, ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಬೆನ್ನು ಹಾಕಿ ನಡೆದದ್ದನ್ನು ನಾವಿಬ್ಬರೂ ಕಿಟಕಿಯಿಂದ ನೋಡಿದೆವು. ಸಾಬ್ರು ಎದ್ದು ಗೇಟಿನ ತನಕ ಓಡಿದರು. ಅವನು ಸಿಕ್ಕಲಿಲ್ಲವೋ, ಸಿಕ್ಕಿ ಬರಲಿಲ್ಲವೋ, ಒಬ್ಬರೇ ವಾಪಸು ಬಂದರು. ಅಂಥ ದಿನಗಳಲ್ಲಿ ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಅನುಮಾನ ಬರುತ್ತಿತ್ತು. ಅರ್ಧ ಕಾಣುವವನು ಇರುವುದು ಮೇಲೋ, ಯಾರೂ ಇಲ್ಲದಿರುವುದು ಮೇಲೋ? ಈಗ ನಿವೃತ್ತಳಾಗಿ ಮನೆಯಲ್ಲಿ ಕೂತು ಯೋಚಿಸಿದರೂ ನನಗೆ ಉತ್ತರ ಸಿಕ್ಕಿಲ್ಲ. ಅವರಿಗೆ ಸಿಕ್ಕಿತ್ತು ಎಂದೂ ಹೇಳಲಾರೆ. ಆ ಕಿಟಕಿಯಲ್ಲಿ ಕೂತ ಮೇಲೆ ಅವರು ಬೇಗ ಮುದುಕರಾದರು.

ಲ್ಯಾಬಿಗೆ ಬೇರೆ ಟೆಕ್ನಿಷಿಯನ್ ಬರುವುದಕ್ಕೆ ವರ್ಷಗಳೇ ಹಿಡಿದವು. ಕೊನೆಗೊಬ್ಬಳು ಹುಡುಗಿ ಬಂದಳು. ಸಾಬ್ರು ಅವಳಿಗೆ ಬೀಗದ ಕೈ ಕೊಟ್ಟು, ಯಾವ ಕಿಟಕಿಯ ಬೆಳಕು ಬೆಳಿಗ್ಗೆ ಚೆನ್ನಾಗಿ ಬರುತ್ತದೆ ಎಂದು ತೋರಿಸಿ ಬಂದರಂತೆ. ಆ ವರ್ಷವೇ ನಿವೃತ್ತಿ ತೆಗೆದುಕೊಂಡರು.

ಎರಡನೆಯ ಸಲ ಅವರಿಗೆ ಸ್ಟ್ರೋಕ್ ಆದದ್ದು ಮನೆಯಲ್ಲೇ. ನನಗೆ ಸುದ್ದಿ ತಿಳಿದು ನೋಡಲು ಹೋಗುವ ಹೊತ್ತಿಗೆ ಕೆಲವು ವಾರ ಕಳೆದಿದ್ದವು. ಚಳ್ಳಕೆರೆಯಲ್ಲಿ ಅವರ ಮನೆ ಬಸ್ಸು ಓಡಾಡುವ ರಸ್ತೆಗೆ ಅಂಟಿಕೊಂಡೇ ಇದೆ. ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ನನ್ನ ಮುಖ ನೋಡಿದರೂ ಗುರುತು ಹತ್ತಲಿಲ್ಲ. ಮಾತಾಡಿದ ಮೇಲೆ ದನಿಯಿಂದ ಹಿಡಿದು, ಸಿಸ್ಟರ್ ಅಲ್ವೇನ್ರೀ ಅಂದರು. ಈ ಸಲ ಹೋಗಿದ್ದು ಎಡಮಿದುಳಿನಲ್ಲಿದ್ದ ಬಣ್ಣದ ಇನ್ನೊಂದು ಜಾಗ. ಅದರ ಪಕ್ಕದಲ್ಲೇ ಇರುವ, ಮುಖದ ಗುರುತು ಹಿಡಿಯುವ ಜಾಗಕ್ಕೂ ಪೆಟ್ಟಾಗಿತ್ತಂತೆ. ಈಗ ಎಲ್ಲೂ ಬಣ್ಣವಿರಲಿಲ್ಲ.

ಅವರ ಹೆಂಡತಿ ಚಹಾ ತಂದು, ಸೆರಗು ಬಾಯಿಗೆ ಹಿಡಿದು ಬಾಗಿಲಲ್ಲಿ ನಿಂತರು. ಮೊದಮೊದಲು ಆಕೆ ಎಲ್ಲದರ ಬಣ್ಣವನ್ನೂ ಹೇಳುತ್ತಿದ್ದರಂತೆ, ಇದು ಹಸಿರು ಅಂಗಿ, ಇದು ಕೆಂಪು ಸಾರು ಎಂದು. ‘ಬೇಡ ಅಂದುಬಿಟ್ಟರು, ಆಪಾ’ ಎಂದು ನನಗೆ ಹೇಳಿ ಒಳಗೆ ಹೋದರು.

ಬೇಜಾರಾಗುತ್ತದೆಯೇ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಆದರೆ ಅವರು ಯೋಚಿಸಿ ಉತ್ತರ ಕೊಟ್ಟರು.

‘ಬೇಜಾರಾಗಾಕೆ ಏನು ಹೋಗೈತೆ ಅಂತ ನೆನಪಿರಬೇಕಲ್ಲ ಸಿಸ್ಟರ್. ಕೆಂಪು ಅನ್ನೋ ಮಾತು ಐತೆ ನನ್ನತ್ರ. ರಕ್ತ ಕೆಂಪು, ಮೆಣಸಿನಕಾಯಿ ಕೆಂಪು, ಎಲ್ಲ ಗೊತ್ತು. ಕಣ್ಣು ಮುಚ್ಚಿ ನೆನೆಸ್ಕಂಡ್ರೆ ಒಳಗೇನೂ ಬರಲ್ಲ. ಕನಸಿನಾಗೂ ಬರಲ್ಲ.’ ಮತ್ತೆ ಅಂದರು, ‘ಆದ್ರೆ ಹುಡುಕೋದು ತಪ್ತು ನೋಡ್ರಿ. ಈಗ ಎರಡೂ ಕಡೆ ಒಂದೇ. ಕತ್ತು ಎತ್ತಾಗೂ ತಿರುಗಿಸೋ ಕೆಲ್ಸ ಇಲ್ಲ.’

ಬಸ್ಸಿನ ಹೊತ್ತಾಯಿತು, ಬರ್ತೀನಿ ಸಾಬ್ರೇ ಅಂದೆ. ಏಳುವಾಗ ಮಂಡಿ ಹಿಡಿದು ಅಯ್ಯೋ ಅಂದಿರಬೇಕು.

‘ಕೂತ್ಕೊಳ್ರಿ ಸ್ವಲ್ಪ’ ಅಂದರು. ‘ದನಿ ಕೇಳಿದ್ರೇ ಗೊತ್ತಾಗ್ತೈತೆ. ನೀವೂ ಬಾಳ ದಣಿದೀರಿ.’

ಅಷ್ಟು ವರ್ಷದಲ್ಲಿ ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ನಾನು ಮತ್ತೆ ಕೂತೆ. ಅವರು ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ. ಹೊರಗೆ ರಸ್ತೆಯಲ್ಲಿ ನನ್ನ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ನಾನು ಏಳಲಿಲ್ಲ.